ಎಲ್ಲಿ ಸೀಡಿ, ಯಾವ ಬ್ಲೌಸು

ನಮ್ಮ ಮನೆಯಲ್ಲಿ ಗುಟ್ಟಿನ ಮಾತನ್ನು ಯಾರೂ ಪಿಸುಗುಟ್ಟುವುದಿಲ್ಲ. ಗಟ್ಟಿಯಾಗಿಯೇ ಹೇಳುತ್ತೇವೆ, ಆದರೆ ಬೆನ್ನು ತಿರುಗಿಸಿ.

ಅಜ್ಜಿಗೆ ಕಿವಿ ಕೇಳುವುದಿಲ್ಲ, ಅದಕ್ಕೆ. ಅಪ್ಪನ ಮದುವೆಗಿಂತ ಎಷ್ಟೋ ಮೊದಲು ಬಂದ ಜ್ವರವೊಂದು ಅವಳ ಎರಡೂ ಕಿವಿಗಳನ್ನು ಕೊಂಡುಹೋಯಿತು. ಬದಲಿಗೆ ಇನ್ನೆರಡು ಕಣ್ಣು ಕೊಟ್ಟು ಹೋಗಿದೆ ಎಂಬುದು ಅಮ್ಮನ ದೂರು. ಅಜ್ಜಿ ತುಟಿ ಓದುತ್ತಾಳೆ. ರಸ್ತೆಯ ಆಚೆ ಬದಿಯಲ್ಲಿ ಇಬ್ಬರು ಜಗಳಕ್ಕೆ ನಿಂತರೆ ಈಚೆ ಜಗಲಿಯಲ್ಲಿ ಕೂತು ನಮಗೆ ನೇರ ಪ್ರಸಾರ ಕೊಡುತ್ತಾಳೆ. ಜಗಳ ಕೊಂಕಣಿಯಲ್ಲಿದ್ದರೂ ಅಡ್ಡಿಯಿಲ್ಲ, ಬೈಗುಳಗಳನ್ನು ಮಾತ್ರ ಅನುವಾದಿಸುವುದಿಲ್ಲ, ಹಾಗೆಯೇ ದಾಟಿಸುತ್ತಾಳೆ. ಹೀಗಾಗಿ ಅವಳಿಗೆ ತಿಳಿಯಬಾರದ್ದೇನಾದರೂ ಇದ್ದರೆ ಗೋಡೆಗೆ ಮುಖ ಮಾಡಿ ಹೇಳುವುದು ಹೊನ್ನಾವರದ ನಮ್ಮ ಮನೆಯ ಪದ್ಧತಿ. ಹೊಸದಾಗಿ ಬಂದ ನೆಂಟರು ನಾವೆಲ್ಲ ಒಬ್ಬರಿಗೊಬ್ಬರು ಮುನಿಸಿಕೊಂಡಿದ್ದೇವೆ ಎಂದುಕೊಂಡು ಚಾ ಬೇಗ ಕುಡಿದು ಹೊರಡುತ್ತಾರೆ.

ಅಜ್ಜಿಗೆ ಈ ಪದ್ಧತಿ ಗೊತ್ತಿಲ್ಲದ್ದೇನಲ್ಲ.

"ಈ ಮನೇಲಿ ಬೆನ್ನು ನೋಡಿ ನೋಡಿ ಸಾಕಾತು," ಎನ್ನುತ್ತಿದ್ದಳು. "ಆ ಟೀವಿಯವರಾದ್ರೂ ಮುಖ ತೋರ್ಸಿ ಮಾತಾಡ್ತಾರೆ."

ಟೀವಿ ಎಂದರೆ ಅವಳಿಗೆ ಅದು. ನಮಗೆ ಹೊತ್ತು ಕಳೆಯುವ ಪೆಟ್ಟಿಗೆ. ಅವಳಿಗೆ ಬೆನ್ನು ತಿರುಗಿಸದ ಜನ. ಮಧ್ಯಾಹ್ನದ ಊಟವಾದ ಮೇಲೆ ಮನೆಯ ಹಾಲ್‌ನ ನಡುವಿನ ಮರದ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ತಾಂಬೂಲ ಹಾಕಿಕೊಂಡು ಧಾರಾವಾಹಿ ನೋಡುವಳು. ಜಾಹೀರಾತು ಬಂದರೆ ಸಿಟ್ಟು. ಅವುಗಳಲ್ಲಿ ತುಟಿ ಹಿಂದಿಯದು, ದನಿ ಕನ್ನಡದ್ದು. ನಾವೆಲ್ಲ ಸೋಪಿನ ಗುಣಗಾನ ಕೇಳುತ್ತಿರುವಾಗ ಅಜ್ಜಿ, "ಈ ಹೆಂಗಸು ಎಂತೋ ಬೇರೆ ಹೇಳ್ತಾಳೆ, ನಿಮಗೆಲ್ಲ ಮಳ್ಳು ಮಾಡ್ತಾಳೆ," ಎಂದು ಎಚ್ಚರಿಸುವಳು.

ನನ್ನ ಮಿಮಿಕ್ರಿಗೂ ಅವಳೇ ಪರೀಕ್ಷಕಿ. ನಾನು ಆಗ ಹೊನ್ನಾವರದ ಪೇಟೆಯಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿಯಲ್ಲಿ ಕೂರುತ್ತಿದ್ದೆ. ಗಣೇಶ ಚೌತಿ ಬಂತೆಂದರೆ ಭಟ್ಕಳದಿಂದ ಕುಮಟೆಯವರೆಗೆ ಸಿಕ್ಕ ವೇದಿಕೆಗಳನ್ನೆಲ್ಲ ಹತ್ತಿ ಅಪ್ಪನ ದನಿ, ಮೇಷ್ಟ್ರ ಕೆಮ್ಮು, ದೋಣಿಯ ಇಂಜಿನ್ನು, ಮೀನು ಹರಾಜು ಎಲ್ಲ ಮಾಡುತ್ತಿದ್ದೆ. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಅಜ್ಜಿಯ ಮುಂದೆ ಈ ಬಂಡವಾಳವೆಲ್ಲ ಶೂನ್ಯ. ಅವಳಿಗೆ ದನಿಯಿಲ್ಲದೆ, ಬರೀ ಮುಖದಲ್ಲಿ ಮಾಡಿ ತೋರಿಸಬೇಕು. ಒಮ್ಮೆ ಅರ್ಧ ಊರನ್ನು ನಗಿಸಿದ ಐಟಂ ಒಂದನ್ನು ಮಾಡಿ ಮುಗಿಸಿದಾಗ ಅವಳು, "ಎಂತಾತು, ಹಲ್ಲುನೋವಾ?" ಎಂದು ಕೇಳಿದ್ದಳು.

ಇಂಥ ಅಜ್ಜಿಯ ಟೀವಿ ಕೆಟ್ಟಿತು.

ಇಪ್ಪತ್ತೊಂದು ಇಂಚಿನ ಡಬ್ಬದಂಥ ಟೀವಿ, ಹಿಂದೆ ಗೂನು ಬೆನ್ನು. ಅದರ ಪಿಕ್ಚರ್ ಟ್ಯೂಬ್ ಸೊರಗಿ ಎಲ್ಲರ ಮುಖವೂ ಬಸಳೆ ಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಮುಖದ ಅಂಚುಗಳೂ ಕರಗಿದವು. ನಮಗೆ ದನಿ ಇತ್ತು, ನಡೆಯುತ್ತಿತ್ತು. ಅಜ್ಜಿಗೆ ಮಾತ್ರ ತುಟಿಯೇ ಇಲ್ಲದ ಹಸಿರು ಹಂಡೆಗಳು ಅತ್ತಿತ್ತ ಓಡಾಡುತ್ತಿದ್ದವು. ಕೆಲವು ದಿನ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ನೋಡುವುದನ್ನೇ ಬಿಟ್ಟು, ಕಂಬಕ್ಕೆ ಒರಗಿ, ಹೊರಬಾಗಿಲ ಕಡೆ ಮುಖ ಹಾಕಿ ಕೂರತೊಡಗಿದಳು. ಮನೆಯಲ್ಲಿ ಅವಳ ಮಾತು ಕಡಿಮೆಯಾಯಿತು. ಅವಳ ಜತೆ ಪೈಪೋಟಿಗೆಂದೇ ಹುಟ್ಟಿದಂತಿದ್ದ ಅಮ್ಮನೇ ಮೊದಲು ಗೋಡೆ ಕಡೆ ತಿರುಗಿ ಅಂದಳು: "ಒಂದು ಟೀವಿ ತನ್ನಿ ಮಾರಾಯ್ರೆ. ಇವ್ರು ಸುಮ್ನೆ ಕೂತ್ರೆ ನಂಗೆ ಹೆದ್ರಿಕೆ ಆಗ್ತದೆ."

ಇಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ಚುನಾವಣೆ.

ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್, ಭಟ್ಕಳ–ಕುಮಟಾ ರೂಟು. ಟೀವಿ ತೆಗೆದುಕೊಳ್ಳುವ ವಿಷಯ ಬಾಯಿಬಿಟ್ಟದ್ದೇ ತಡ, ಇಡೀ ಬಸ್ಸು ಅವರಿಗೆ ಸಲಹೆ ಕೊಡತೊಡಗಿತು. ಶಿರಾಲಿಯಲ್ಲಿ ಹತ್ತಿದ ಒಬ್ಬರ ಮಾತು ಅವರ ತಲೆಯಲ್ಲಿ ಗಟ್ಟಿಯಾಗಿ ಸೀಟು ಹಿಡಿಯಿತು. ಮನೆಗೆ ಬಂದವರೇ ಟಿಕೆಟ್ ಕೊಟ್ಟ ಹಾಗೆ ಹೇಳಿದರು: "ಎಲ್ಸೀಡಿ. ಕರೆಂಟು ಕಮ್ಮಿ, ಬಿಸಿ ಕಮ್ಮಿ, ಗೋಡೆಗೆ ಕ್ಯಾಲೆಂಡರ್ ಹಾಗೆ ನೇತಾಡ್ತದೆ. ರೈಟ್."

ನಾನು ಅಷ್ಟರಲ್ಲಿ ಬೇರೊಂದು ಪಕ್ಷ ಸೇರಿಯಾಗಿತ್ತು. ಭಟ್ಕಳದ ನನ್ನ ಗೆಳೆಯನ ಅಣ್ಣ ದುಬೈಯಿಂದ ಬರುವಾಗ ಪ್ಲಾಸ್ಮಾ ಟೀವಿ ತಂದಿದ್ದ. ಅದನ್ನು ನೋಡಿ ಬಂದ ದಿನ ನನಗೆ ಊಟ ಸೇರಿರಲಿಲ್ಲ. ಅದೆಂಥ ಕಪ್ಪು ಅಂತೀರಿ! ಕತ್ತಲೆಯ ದೃಶ್ಯ ಬಂದರೆ ಕತ್ತಲೆಯೇ ಇತ್ತು, ನಮ್ಮ ಟೀವಿಯ ಹಾಗೆ ತೊಳೆದ ಪಂಚೆಯ ಬೂದು ಇರಲಿಲ್ಲ. ಗೆಳೆಯನ ತಾಯಿ ತಮ್ಮ ನವಾಯತಿ ಭಾಷೆಯಲ್ಲಿ ಕೂರು ಕೂರು ಎನ್ನುತ್ತಿದ್ದರೂ ಕೂರದೆ, ಸೋಫಾದಿಂದ, ನೆಲದಿಂದ, ಅಡುಗೆಮನೆಯ ಬಾಗಿಲಿಂದ, ಕೊನೆಗೆ ಮೆಟ್ಟಿಲ ಮೇಲಿಂದಲೂ ಇಣುಕಿ ನೋಡಿದ್ದೆ. ಎಲ್ಲಿಂದ ನೋಡಿದರೂ ಬಣ್ಣ ಅಷ್ಟೇ.

"ಪ್ಲಾಸ್ಮಾ ತಕಂಬನ," ಎಂದೆ.

"ಎಲ್ಸೀಡಿ," ಎಂದರು ಅಪ್ಪ.

"ಪ್ಲಾಸ್ಮಾ ಅಪ್ಪಾ."

"ಎಲ್ಸೀಡಿ ಅಂದ್ನಲ."

ಅಮ್ಮನದು ಮೂರನೆಯ ಪಕ್ಷ: ಹಳೆ ಡಬ್ಬಕ್ಕೆ ಹೊಸ ಟ್ಯೂಬ್ ಹಾಕಿಸಿ, ಇಲ್ಲವೇ ಅಂಥದ್ದೇ ಇನ್ನೊಂದು ತನ್ನಿ, ಮೇಲೆ ಹೂದಾನಿ ಇಡಲು ಜಾಗವಾದರೂ ಇರುತ್ತದೆ. ತೆಳು ಟೀವಿಯ ಮೇಲೆ ಎಂತ ಇಡುವುದು?

ನಮ್ಮ ಮೂವರ ಬಾಯಿಯನ್ನೂ ಕಂಬದ ಬಳಿಯಿಂದ ಓದುತ್ತಿದ್ದ ಅಜ್ಜಿ ಎದ್ದು ಒಳಗೆ ಹೋದಳು. ಕಪಾಟು ತೆಗೆದ ಸದ್ದು. ಬಂದು ಅಪ್ಪನ ಕೈಗೆ ಅವರದೇ ಯಕ್ಷಗಾನದ ಸೀಡಿಯೊಂದನ್ನು ಕೊಟ್ಟಳು.

"ಇಲ್ಲೇ ಅದೆ. ಎಲ್ಲಿ ಸೀಡಿ, ಎಲ್ಲಿ ಸೀಡಿ ಅಂತ ಎಷ್ಟು ಸಲ ಕೇಳ್ತೆ?"

ಅಪ್ಪ ಸೀಡಿ ಹಿಡಿದುಕೊಂಡು ನಿಂತರು. ನನಗೆ ನಗು ತಡೆಯಲಾಗದೆ ಗೋಡೆ ಕಡೆ ತಿರುಗಿದೆ. ಕನ್ನಡಿ ಮುಂದೆ ನಿಂತು ನೀವೇ ಹೇಳಿ ನೋಡಿ, ಎಲ್ಸೀಡಿಗೂ ಎಲ್ಲಿ ಸೀಡಿಗೂ ತುಟಿ ಒಂದೇ.

"ಸೀಡಿ ಅಲ್ಲ ಅಬ್ಬೆ, ಟೀವಿ. ಟೀ-ವಿ," ಎಂದು ಅಪ್ಪ ಕೈಯಲ್ಲಿ ಚೌಕ ಬರೆದು ತೋರಿಸಿದರು. ಅಜ್ಜಿಯ ಮುಖ ಅರಳಿತು. "ಹೊಸ್ದಾ?" ಎಂದಳು. ನಾನು ಹೌದೆಂದು ತಲೆಯಾಡಿಸಿ, ಬಾಯಿ ದೊಡ್ಡದು ಮಾಡಿ, "ಕುಮಟೆಗೆ ಹೋಪದು. ಪ್ಲಾಸ್ಮಾ," ಎಂದೆ. ಅವಳು ನನ್ನ ತುಟಿಯನ್ನು ಗಮನವಿಟ್ಟು ನೋಡಿ, ಇನ್ನಷ್ಟು ಅರಳಿದಳು.

ಮಾರನೆಯ ಭಾನುವಾರ ಅವಳು ನಮಗಿಂತ ಮೊದಲು ತಯಾರಾಗಿ ಜಗಲಿಯಲ್ಲಿದ್ದಳು. ಒಳ್ಳೆಯ ಸೀರೆ, ತಲೆಯಲ್ಲಿ ಅಬ್ಬಲಿಗೆ, ಕೈಯಲ್ಲಿ ಸುತ್ತಿಟ್ಟ ಹಳೆಯ ರವಿಕೆ.

"ಇದೆಂತಕೆ ಅಜ್ಜಿ?" ಎಂದೆ.

"ಅಳತೆಗೆ. ಬ್ಲೌಸ್ ತಕಂಬನ ಅಂದೆಯಲ್ಲ."

ಪ್ಲಾಸ್ಮಾ ಎಂಬುದು ತುಟಿಯ ಮೇಲೆ ಬ್ಲೌಸ್ ಆಗಿತ್ತು, ತುಟಿಗೆ ಪ-ಕಾರವೂ ಬ-ಕಾರವೂ ಒಂದೇ. ಟೀವಿಯ ಜತೆಗೆ ಬ್ಲೌಸೂ ಎಂದು ಅವಳ ಲೆಕ್ಕ. ಅಮ್ಮ ತಕ್ಷಣ ಬೆನ್ನು ತಿರುಗಿಸಿ, "ಹೇಳಬೇಡ ಮಾರಾಯ, ಹಾಂಗೇ ಬರ್ಲಿ. ಬ್ಲೌಸ್ ಪೀಸ್ ಒಂದು ತೆಗೆಯಬಹುದು," ಎಂದಳು. ಹೀಗೆ ನಾಲ್ವರೂ ಹೊರಟೆವು. ಕರ್ಕಿ, ಹಳದೀಪುರ, ಧಾರೇಶ್ವರ ದಾಟುವವರೆಗೆ ನನ್ನ ಬಾಯಿ ನಿಲ್ಲಲಿಲ್ಲ. ಹತ್ತುವವರ, ಇಳಿಯುವವರ ದನಿಯನ್ನೆಲ್ಲ ಮಾಡಿದೆ. ರಜೆಯ ದಿನ ಪ್ರಯಾಣಿಕನಾಗಿ ಕೂತ ಅಪ್ಪ ಮಾತ್ರ ಒಂದೊಂದು ಸ್ಟಾಪಿಗೂ ಅರ್ಧ ಎದ್ದು ಎದ್ದು ಕೂರುತ್ತಿದ್ದರು. ಅದನ್ನೂ ಮಾಡಿ ತೋರಿಸಿದೆ. ಅಜ್ಜಿ ಮೊದಲ ಸಲ, "ಇದು ಸರಿ ಆತು," ಎಂದಳು.

ಕುಮಟೆಯ ಟೀವಿ ಅಂಗಡಿಯೊಳಗೆ ಕಾಲಿಟ್ಟದ್ದು ಈಗಲೂ ನೆನಪಿದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಎಸಿಯ ತಂಪು, ಅರೆಗತ್ತಲು, ಒಂದು ಗೋಡೆ ತುಂಬ ಟೀವಿಗಳು. ಎಲ್ಲದರಲ್ಲೂ ಒಂದೇ ಚಿತ್ರ: ನೀಲಿ ನೀರಲ್ಲಿ ಬಣ್ಣಬಣ್ಣದ ಮೀನು. ನನ್ನ ಕಣ್ಣು ಯಾವುದರ ಮೇಲೂ ನಿಲ್ಲುತ್ತಿಲ್ಲ. ಅಮ್ಮ ಹತ್ತಿರ ಹೋಗಿ, ಮಾರ್ಕೆಟ್ಟಿನಲ್ಲಿ ಬುಟ್ಟಿಯ ಮುಂದೆ ನಿಂತಂತೆ ನಿಂತು, ಒಂದು ಹಳದಿ ಮೀನನ್ನು ಆಳವಾಗಿ ನೋಡಿದಳು.

"ಬಣ್ಣ ಮಾತ್ರ. ಮೈಮೇಲೆ ಮಾಂಸ ಇಲ್ಲ. ಬರೀ ಮುಳ್ಳು."

ಅಂಗಡಿಯ ಹುಡುಗ ನನ್ನ ವಯಸ್ಸಿನವನೇ, ಟೈ ಕಟ್ಟಿದ್ದ. "ಇದು ಡೆಮೋ ಅಮ್ಮಾ," ಎಂದು ನಕ್ಕ.

"ನಮ್ಮನೇಲಿ ಡೆಮೋ ಬರೂದಿಲ್ಲ, ಕೇಬಲ್ ಬರ್ತದೆ. ಕೇಬಲ್ ಹಾಕು," ಎಂದಳು ಅಮ್ಮ. ಇಡೀ ದಿನದಲ್ಲಿ ಅದಕ್ಕಿಂತ ಬುದ್ಧಿವಂತ ಮಾತು ಬೇರೆ ಯಾರ ಬಾಯಿಂದಲೂ ಬರಲಿಲ್ಲ. ಕೇಬಲ್ ಹಾಕಿದೊಡನೆ ಗೋಡೆಯ ತುಂಬಾ ವಾರ್ತೆ ಓದುವವರು ಬಂದರು. ಅಗಲ ಪರದೆಗಳಲ್ಲಿ ಎಲ್ಲರೂ ಕೆನ್ನೆ ಊದಿಕೊಂಡು, ಹಬ್ಬದ ಊಟ ಮುಗಿಸಿ ಬಂದವರ ಹಾಗಿದ್ದರು. ಹುಡುಗ ರಿಮೋಟ್ ಒತ್ತಿ ಅವರನ್ನು ತೆಳ್ಳಗೆ ಮಾಡಿದ.

ಅಪ್ಪ ನಮ್ಮ ಹಾಲ್‌ನ ಉದ್ದಗಲವನ್ನು ಹೆಜ್ಜೆಯಲ್ಲಿ ಎಣಿಸಿಕೊಂಡು ಬಂದಿದ್ದರು. ಈಗ ಅಂಗಡಿಯ ನಡುವೆ ನಮ್ಮ ಮನೆ ಕಟ್ಟತೊಡಗಿದರು. ಒಂದು ಕುರ್ಚಿ ಎಳೆದು, "ಇದು ನನ್ನ ಜಾಗ," ಎಂದರು. ಮಿಕ್ಸಿಗಳ ಸಾಲು ಅಡುಗೆಮನೆಯ ಬಾಗಿಲಾಯಿತು, ಅಮ್ಮ ಅಲ್ಲಿ ನಿಂತಳು. ಇನ್ನು ಕಂಬ. ಅಪ್ಪ ಅತ್ತಿತ್ತ ನೋಡಿ ಟೈ ಹುಡುಗನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು.

"ಸ್ವಲ್ಪ ಮುಂದೆ ಹೋಗಿ. ಇನ್ನೂ. ಹಾಂ. ನೀವು ಕಂಬ. ಅಲ್ಲಾಡಬೇಡಿ."

ಅಜ್ಜಿಗೆ ಹೇಳುವ ಅಗತ್ಯವೇ ಬೀಳಲಿಲ್ಲ. ಮನೆಯ ನಕ್ಷೆ ಅವಳಿಗೆ ಅರ್ಥವಾಗಿತ್ತು. ಬಂದು, ಹುಡುಗನ ಕಾಲ ಬುಡದಲ್ಲಿ ಫಳಫಳ ಹೊಳೆಯುವ ಟೈಲ್ಸಿನ ಮೇಲೆ ಕೂತು, ಕಾಲು ಚಾಚಿದಳು. ಕಂಬ ಬೆವರಿತು.

"ದನಿ ಬಂದ್ ಮಾಡು," ಎಂದೆ. ಪರೀಕ್ಷೆ ಅಜ್ಜಿಗಲ್ಲವೆ.

ಮೊದಲು ಎಲ್‌ಸಿಡಿ. ಅಪ್ಪ ಕುರ್ಚಿಯಲ್ಲಿ ಕೂತು, "ಹೆಂಗದೆ ನೋಡು, ಎಷ್ಟು ಚಂದ," ಎಂದರು. ಅಜ್ಜಿ ಕೆಳಗಿಂದ, ಪಕ್ಕದಿಂದ ಕತ್ತು ಎತ್ತಿ ನೋಡಿದಳು. ಕಣ್ಣು ಕಿರಿದು ಮಾಡಿದಳು.

"ಮುಖಕ್ಕೆ ಮಸಿ ಬಳಿದಿದ್ದಾರೆ."

ನಾನೂ ಅವಳ ಪಕ್ಕ ಕೂತು ನೋಡಿದೆ. ನಿಜ. ಅಪ್ಪನ ಕುರ್ಚಿಯಿಂದ ಕೆನೆಬಣ್ಣದಲ್ಲಿ ಹೊಳೆಯುತ್ತಿದ್ದ ವಾರ್ತಾವಾಚಕಿ ನಮ್ಮ ನೆಲದಿಂದ ಫೋಟೋದ ನೆಗೆಟಿವ್ ಹಾಗೆ ಕಾಣುತ್ತಿದ್ದಳು. ಮುಖ ಕಪ್ಪು, ಕೂದಲು ಬೆಳ್ಳಗೆ, ತುಟಿ ಎಲ್ಲಿದೆ ದೇವರೇ ಬಲ್ಲ. ಒಂದೇ ಟೀವಿ, ಒಂದೇ ಮನೆ. ಅಪ್ಪನಿಗೆ ಹಗಲು, ಅಜ್ಜಿಗೆ ಅಮಾವಾಸ್ಯೆ.

ಕಂಬ ಮಾತಾಡಿತು: "ಬಗ್ಗಿಸಿ ಹಾಕುವ ಸ್ಟ್ಯಾಂಡ್ ಬರ್ತದೆ ಸರ್. ಸ್ವಲ್ಪ ಕೆಳಗೆ, ಸ್ವಲ್ಪ ಬಲಕ್ಕೆ ತಿರುಗಿಸಿದ್ರೆ ಅಜ್ಜಿಗೆ ಕಾಣ್ತದೆ."

"ಆಗ ನಂಗೆ?"

"ನಿಮಗೆ... ಸ್ವಲ್ಪ ಮಸಿ."

"ಅಬ್ಬೆ ಟೀವಿ ನೇರಕ್ಕೆ ಬಂದು ಕೂತ್ಕಂಡ್ರೆ ಆತಲ್ಲ," ಎಂದರು ಅಪ್ಪ, ಬೆನ್ನು ತಿರುಗಿಸಿಯೇ.

"ಅವ್ರು ಕಂಬ ಬಿಡ್ತಾರಾ?" ಎಂದಳು ಅಮ್ಮ ಮಿಕ್ಸಿಗಳ ನಡುವಿಂದ. "ಅಲ್ಲಿಂದ ಹೊರಬಾಗ್ಲು ಕಾಣ್ತದೆ, ಒಳಬಾಗ್ಲು ಕಾಣ್ತದೆ, ಎಲ್ಲರ ಬಾಯಿ ಕಾಣ್ತದೆ. ಅದು ಕಂಬ ಅಲ್ಲ, ಪೊಲೀಸ್ ಸ್ಟೇಷನ್ನು."

ಅಪ್ಪನಿಗೆ ಎಲ್‌ಸಿಡಿ ಕೈಬಿಡಲು ಮನಸ್ಸಿಲ್ಲ. ಇಡೀ ಬಸ್ಸಿಗೆ ಹೇಳಿಬಿಟ್ಟಿದ್ದಾರಲ್ಲ. ನಾನು ಹುಡುಗನ ಕೈಯಿಂದ ರಿಮೋಟ್ ಕಸಿದು, ಪಕ್ಕದ ಪ್ಲಾಸ್ಮಾದಲ್ಲಿ ಅಜ್ಜಿಯ ಮಧ್ಯಾಹ್ನದ ಚಾನೆಲ್ ಹಿಡಿದೆ. ಭಾನುವಾರವಾದ್ದರಿಂದ ವಾರದ ಕಂತುಗಳನ್ನೆಲ್ಲ ಒಟ್ಟಿಗೆ ಹಾಕುತ್ತಿದ್ದರು. ಬಿಟ್ಟುಹೋದ ಕತೆ ಎದುರಿಗೇ ಬಂದು ನಿಂತಿತು. ಅಜ್ಜಿ ಮೊದಲು ಅನುಮಾನದಲ್ಲಿ ನೋಡಿದಳು. ಆಮೇಲೆ ಚಾಚಿದ ಕಾಲು ಮಡಚಿಕೊಂಡಳು. ಆಮೇಲೆ ತುಟಿ ಅಲ್ಲಾಡತೊಡಗಿತು.

"ಮನೆ ಬಿಟ್ಟು ಹೋಗು ಅಂತಾಳೆ... ಅಯ್ಯೋ ಪಾಪ... ನಾ ಎಂತಕೆ ಹೋಗ್ಲಿ ಅಂತ ಸೊಸೆ... ಸರಿಯಾಗಿ ಹೇಳಿದ್ಲು..."

ಕಿವುಡರಿಗೆ ತಮ್ಮ ದನಿಯ ಅಳತೆ ಗೊತ್ತಾಗುವುದಿಲ್ಲ. ಇಡೀ ಅಂಗಡಿಗೆ ಕೇಳುವಂತೆ, ದನಿಯಿಲ್ಲದ ಟೀವಿಗೆ ಅಜ್ಜಿ ದನಿ ಕೊಡುತ್ತಿದ್ದಳು. ಫ್ರಿಜ್ ನೋಡಲು ಬಂದ ಗಂಡಹೆಂಡತಿ ಫ್ರಿಜ್ ಬಿಟ್ಟು ಬಂದರು. ಫ್ಯಾನ್ ಕೊಳ್ಳಲು ಬಂದವರೂ ಬಂದರು. ನಾನು ವೇದಿಕೆಯ ಮೇಲೆ ಇಷ್ಟು ಜನ ಸೇರಿಸಿದವನಲ್ಲ. ಎಷ್ಟೋ ವಾರಗಳ ನಂತರ ಅವಳ ಮುಖದಲ್ಲಿ ಆ ಹಳೆಯ ಚುರುಕು ಕಂಡು ಅಪ್ಪ ಕುರ್ಚಿಯಿಂದ ಅರ್ಧ ಎದ್ದರು, ಸ್ಟಾಪ್ ಬಂದಂತೆ.

ಆದರೂ ಹುಡುಗ ಪ್ರಾಮಾಣಿಕ. ಪ್ಲಾಸ್ಮಾ ಭಾರ, ಕರೆಂಟು ಹೆಚ್ಚು ತಿನ್ನುತ್ತದೆ, ಬಿಸಿಯಾಗುತ್ತದೆ, ಹಗಲು ಬಾಗಿಲ ಬೆಳಕು ಗಾಜಿನಲ್ಲಿ ಕಾಣುತ್ತದೆ ಎಂದೆಲ್ಲ ಹೇಳಿದ. ಕೊನೆಗೆ, "ಒಂದೇ ಚಿತ್ರ ತುಂಬಾ ಹೊತ್ತು ನಿಲ್ಲಿಸಿ ಇಟ್ರೆ ಅದು ಪರದೆಗೆ ಅಚ್ಚಾಗಿ ಉಳಿದುಬಿಡಬಹುದು ಸರ್," ಎಂದ. ಅಪ್ಪನಿಗೆ ಮತ್ತೆ ಜೀವ ಬಂತು. "ಕೇಳ್ದ್ಯಾ? ಎಲ್ಸೀಡಿಗೆ ಆ ರಗಳೆ ಇಲ್ಲ."

ಅಮ್ಮ ಪದ್ಧತಿಯಂತೆ ಅಜ್ಜಿಗೆ ಬೆನ್ನು ಹಾಕಿ, ಕೊನೆಯಲ್ಲಿದ್ದ, ಇನ್ನೂ ಚಾಲೂ ಮಾಡದ ಇನ್ನೊಂದು ಪ್ಲಾಸ್ಮಾದ ಕಡೆ ತಿರುಗಿ ಅಂದಳು: "ಅತ್ತೆ ಮುಖ ಅಚ್ಚಾಗಿ ಗೋಡೆ ಮೇಲೂ ಉಳಿದ್ರೆ ಕಷ್ಟ. ಮನೇಲಿ ಒಂದು ಸಾಕು."

ಅಪ್ಪ ನಕ್ಕರು. ನಾನೂ ನಕ್ಕೆ. ಹಿಂದಿನಿಂದ ಅಜ್ಜಿಯೂ ನಕ್ಕಳು.

"ಒಂದು ಸಾಕಾ? ಹಾಂಗಾದ್ರೆ ನಾ ಮನೇಲೇ ಇರ್ತೆ, ಟೀವಿ ಬೇಡ."

ಅಮ್ಮ ಗರಕ್ಕನೆ ತಿರುಗಿದಳು. ಅಪ್ಪ ಅಜ್ಜಿಯ ಹತ್ತಿರ ಬಗ್ಗಿ, "ಅಬ್ಬೆ, ಕಿವಿ ಬಂತಾ?" ಎಂದರು, ಗಾಬರಿಯೋ ಸಂತೋಷವೋ ಅವರಿಗೇ ತಿಳಿಯದೆ.

ಅಜ್ಜಿ ಬೆರಳು ತೋರಿಸಿದಳು. ಆ ಚಾಲೂ ಮಾಡದ ಪ್ಲಾಸ್ಮಾದ ಕಪ್ಪು ಗಾಜಿನಲ್ಲಿ ನಾವೆಲ್ಲ ಇದ್ದೆವು. ಅಮ್ಮನ ಮುಖ, ನನ್ನ ಹಲ್ಲು, ಅಪ್ಪನ ಮೀಸೆ, ಕಂಬದ ಟೈ. ಎಲ್ಲವೂ ತೊಳೆದಿಟ್ಟ ಹಾಗೆ ನಿಚ್ಚಳ. ಬೆನ್ನು ತಿರುಗಿಸಿದವರ ಮುಖವೇ ಅಲ್ಲಿ ಎದುರಿಗೆ ಬಂದು ನಿಲ್ಲುತ್ತಿತ್ತು. ನಮ್ಮ ಹಳೆಯ ಟೀವಿ ಬಂದ್ ಇದ್ದಾಗಲೆಲ್ಲ ಅಮ್ಮ ಅದಕ್ಕೆ ಕಸೂತಿ ಬಟ್ಟೆ ಹೊದಿಸಿರುತ್ತಿದ್ದುದರಿಂದ ಈ ಸಂಗತಿ ಯಾರ ತಲೆಗೂ ಬಂದಿರಲಿಲ್ಲ.

ಅಜ್ಜಿ ಕಂಬದ ಪ್ಯಾಂಟು ಹಿಡಿದುಕೊಂಡು ಎದ್ದಳು. ಪಕ್ಕದಲ್ಲಿದ್ದ ಎಲ್‌ಸಿಡಿಯನ್ನು ಬಂದ್ ಮಾಡಿಸಿದಳು. ನನ್ನನ್ನು ತನ್ನ ಹಿಂದೆ ನಿಲ್ಲಿಸಿ, "ಎಂತಾದ್ರೂ ಹೇಳು," ಎಂದಳು. ಹೇಳಿದೆ. ಆ ಪರದೆಯ ಮೇಲೆ ಮಾಸಲು ನೆರಳಷ್ಟೇ. "ಇದ್ರಲ್ಲಿ ಇಲ್ಲ," ಎಂದು ಕತ್ತು ಆಡಿಸಿದಳು. ಪ್ಲಾಸ್ಮಾದ ಮುಂದೆ ಬಂದು, "ಈಗ ಹೇಳು." ನಾನು ದನಿಯಿಲ್ಲದೆ, ಬರೀ ತುಟಿಯಲ್ಲಿ, ಬಸ್ಸಿನ ಬಾಗಿಲಲ್ಲಿ ನಿಂತ ಅಪ್ಪನನ್ನು ಮಾಡಿದೆ.

"ಮುಂದೆ ಹೋಗಿ, ಮುಂದೆ ಹೋಗಿ, ಹಿಂದೆ ಜಾಗ ಇಲ್ಲ," ಎಂದು ಅಜ್ಜಿ ಗಾಜಿನಿಂದ ಓದಿ ಹೇಳಿದಳು. ಫ್ರಿಜ್ಜಿನ ಗಂಡಹೆಂಡತಿ ಚಪ್ಪಾಳೆ ತಟ್ಟಿದರು. "ಬಂದ್ ಇದ್ರೂ ಮುಖ ತೋರಿಸ್ತದೆ. ಇದೇ ಆತು," ಎಂದಳು ಅಜ್ಜಿ.

ಅಪ್ಪ ಏನೋ ಹೇಳಬೇಕೆಂದು ಬಾಯಿ ತೆರೆದರು. ಅವರಿಗೆ ಹಳದೀಪುರದ ಹೋಟೆಲಿನ ಈರುಳ್ಳಿ ಬಜೆಯಿಂದ ಹಿಡಿದು ಮುಚ್ಚಿಡಬೇಕಾದ ಸಂಗತಿಗಳು ಸಾಕಷ್ಟಿವೆ. ಡಾಕ್ಟರು ಎಣ್ಣೆ ತಿಂಡಿ ಬಿಡಿಸಿದ್ದಾರೆ. ಅಭ್ಯಾಸಬಲದಿಂದ ಬೆನ್ನು ತಿರುಗಿಸಿದರು. ಎದುರಿಗೆ ಕಪ್ಪು ಗಾಜು, ಗಾಜಿನೊಳಗೆ ತಾಯಿ. ಇತ್ತ ತಿರುಗಿದರು, ಇತ್ತ ತಾಯಿಯೇ. ಆಮೇಲೆ ಹುಡುಗನ ಭುಜ ತಟ್ಟಿ ಅವನನ್ನು ಕಂಬದ ಕೆಲಸದಿಂದ ಬಿಡುಗಡೆ ಮಾಡಿದರು.

"ಪ್ಲಾಸ್ಮಾ. ರೈಟ್, ಹೋಗ್ಲಿ."

ನನ್ನ ಪಕ್ಷ ಗೆದ್ದಿತ್ತು. ಕಪ್ಪಿನ ಆಳ, ಬಣ್ಣದ ಹೊಳಪು ಎಂದು ನಾನು ಕಲಿತು ಬಂದ ಭಾಷಣವೆಲ್ಲ ಬಾಯಲ್ಲೇ ಉಳಿದಿತ್ತು ಎನ್ನುವುದು ಬೇರೆ ಮಾತು. ನಾನು ಮೆಚ್ಚಿದ್ದು ಚಾಲೂ ಇರುವ ಟೀವಿಯನ್ನು, ಅಜ್ಜಿ ಮೆಚ್ಚಿದ್ದು ಬಂದ್ ಆದದ್ದನ್ನು. ಬ್ಲೌಸ್ ಪೀಸನ್ನು ಅಮ್ಮನೇ ಆರಿಸಿದಳು, ಯಾಕೋ ತುಂಬಾ ಒಳ್ಳೆಯದನ್ನು.

ಟೆಂಪೋದಲ್ಲಿ ಟೀವಿ ಬಂದ ದಿನ ಓಣಿಯ ಅರ್ಧ ಜನ ನಮ್ಮ ಜಗಲಿಯಲ್ಲಿದ್ದರು. ಗೋಡೆಗೆ ನಾಲ್ಕು ಮೊಳೆ ಹೊಡೆದು, ಇಬ್ಬರು ಎತ್ತಿ, ಮೂವರು "ಹುಷಾರು" ಎಂದು ಕೂಗಿ ಅದನ್ನು ಏರಿಸಿದರು. ಆ ರಾತ್ರಿ ನಮ್ಮ ಹಾಲ್ ಚಿತ್ರಮಂದಿರವಾಯಿತು. ಮಾರನೆಯ ಬೆಳಿಗ್ಗೆ ಅಮ್ಮ ಹಳೆಯ ಕಸೂತಿ ಬಟ್ಟೆಯನ್ನು ಅದರ ಮೇಲೆ ಇಳಿಬಿಡಲು ಹೋದಳು. ಅಜ್ಜಿ ಕಂಬದಿಂದಲೇ, "ಗಾಳಿಯಾಡ್ಲಿ, ಬಿಸಿ ಆಗ್ತದೆ ಅಂದಿದ್ದಾನಲ್ಲ ಆ ಹುಡ್ಗ," ಎಂದಳು. ಬಟ್ಟೆ ಕಪಾಟಿಗೆ ಹೋಯಿತು.

ಮೊದಲ ವಾರ ನಮಗೆ ಮನೆಯೇ ಬೇರೆಯಾದಂತೆ ಆಯಿತು. ಯಾವ ಕಡೆ ತಿರುಗಿದರೂ ಗೋಡೆಯ ಮೇಲಿಂದ ನಮ್ಮದೇ ಮುಖ ನೋಡುತ್ತಿತ್ತು. ಅಪ್ಪ ಫೋನ್ ಬಂದರೆ ಬಾವಿಕಟ್ಟೆಗೆ ಹೋಗಿ ಮಾತಾಡುತ್ತಿದ್ದರು. ನನ್ನ ಸಿಗರೇಟಿನ ಸುದ್ದಿ ಆ ವಾರವೇ ಬಯಲಾಯಿತು. ಅಮ್ಮನಿಗೆ ಮಾತ್ರ ಅಡುಗೆಮನೆಯೊಂದೇ ಉಳಿಯಿತು. ಅಲ್ಲಿ ಕೇಳುವವರಿಲ್ಲದೆ ಅವಳ ಮಾತೆಲ್ಲ ಕುಕ್ಕರಿನ ಪಾಲಾಗುತ್ತಿತ್ತು. ಅಜ್ಜಿ ಈ ಗೆಲುವನ್ನು ಆಡಿ ತೋರಿಸಲಿಲ್ಲ. ತಾಂಬೂಲ ಅಗಿಯುತ್ತ ಕೂತಿರುತ್ತಿದ್ದಳು, ಅಷ್ಟೇ. ಮಾತಿನ ನಡುವೆ ಒಂದೊಂದು ಉತ್ತರ ಹಾಕುತ್ತಿದ್ದಳು. ಆಮೇಲಾಮೇಲೆ ಅವಳು ಎಲ್ಲದರಲ್ಲೂ ಇದ್ದಳು: ನನ್ನ ಕೆಲಸದ ಚರ್ಚೆಯಲ್ಲಿ, ಅಪ್ಪನ ಸಕ್ಕರೆ ಕಾಯಿಲೆಯಲ್ಲಿ, ಮೀನು ತಾಜಾ ಹೌದೋ ಅಲ್ಲವೋ ಎಂಬುದರಲ್ಲಿ.

ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಕರೆಂಟು ಹೋಗಿತ್ತು. ಧಾರಾವಾಹಿಯ ಹೊತ್ತು. ಟೀವಿ ಕಪ್ಪಾಗಿ ನಿಂತಿದೆ. ಕಂಬಕ್ಕೆ ಒರಗಿ ಅಜ್ಜಿ, ಅವಳಿಗೆ ಭುಜ ತಾಗಿಸಿ ಅಮ್ಮ. ಇಬ್ಬರೂ ಆ ಕಪ್ಪು ಗಾಜಿನ ಕಡೆಗೇ ನೋಡುತ್ತಿದ್ದಾರೆ. ಅಮ್ಮ ದನಿಯಿಲ್ಲದೆ ತುಟಿಯಲ್ಲೇ ಏನನ್ನೋ ಹೇಳುತ್ತಿದ್ದಾಳೆ, ನಡುನಡುವೆ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಾಳೆ, ಮತ್ತೆ ನಗುತ್ತಾಳೆ. ಎದುರುಬದುರು ನಿಂತಾಗಲೆಲ್ಲ ಇವರಿಬ್ಬರದು ಜಗಳ. ಪಕ್ಕಪಕ್ಕ ಕೂತು, ಮುಖವನ್ನು ಗೋಡೆಯ ಮೇಲೆ ಬಿಟ್ಟು ಮಾತಾಡುವುದು ಇಬ್ಬರಿಗೂ ಸುಲಭವಾಗಿತ್ತು ಅಂತ ಕಾಣುತ್ತದೆ. ಅಜ್ಜಿ ಗಾಜಿನೊಳಗಿನ ಸೊಸೆಯ ಕಡೆ ತಲೆಯಾಡಿಸುತ್ತ, ಅಡಿಕೆ ಹೋಳೊಂದನ್ನು ಪಕ್ಕದಲ್ಲಿದ್ದ ಸೊಸೆಯ ಕೈಗೆ ಹಾಕಿದಳು.

ನಾನು ಬಾಗಿಲಲ್ಲೇ ನಿಂತೆ. ಅಷ್ಟರಲ್ಲಿ ಡ್ಯೂಟಿ ಮುಗಿಸಿ ಬಂದ ಅಪ್ಪ ಬ್ಯಾಗು ಇಳಿಸದೆ ಕೇಳಿದರು.

"ಕರೆಂಟ್ ಇಲ್ಲ, ಎಂತ ನೋಡ್ತಾ ಕೂತಿದ್ರಿ?"

ಅಜ್ಜಿ ಅವರನ್ನು ಗಾಜಿನಲ್ಲೇ ಕಂಡು, ತಿರುಗದೆ ಕೈ ಎತ್ತಿದಳು.

"ಸುಮ್ನೆ ಕೂತ್ಕ. ಅವಳು ಮಾತಾಡ್ತಾ ಇದ್ದಾಳೆ."